ಒರೆಸಿಹಾಕಿದ ಬಿಳಿಚುಕ್ಕೆಗಳು

ಕೊಲ್ಹಾಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಣ್ಣಿನೊಳಗಿನ ಚಿತ್ರ ತೆಗೆಯುವ ಕೆಲಸ ಮಾಡಿದೆ. ಡಾಕ್ಟರನಲ್ಲ. ರೋಗಿಯ ಗದ್ದವನ್ನು ಯಂತ್ರದ ಪಟ್ಟಿಯ ಮೇಲಿಡಿಸಿ, ‘ಹಸರ ದೀಪ ನೋಡ್ರಿ, ರೆಪ್ಪಿ ಬಡೀಬ್ಯಾಡ್ರಿ’ ಎಂದು ಹೇಳಿ ಗುಂಡಿ ಒತ್ತುವವನು. ಈಗ ಆ ಕೋಣೆಗೆ ಹೊಸಬರು ಬಂದಿದ್ದಾರೆ. ಅವರಲ್ಲೊಬ್ಬಳು ಫೋನ್ ಮಾಡಿ, ‘ಕಾಕಾ, ನಿಮ್ಮ ಅನುಭವಾ ಬರದ ಕೊಡ್ರಿ, ನಮಗ ಉಪಯೋಗ ಆಗತೈತಿ’ ಎಂದಳು. ಉಪಯೋಗವಾಗುವಂಥದ್ದು ನನ್ನಲ್ಲಿರುವುದು ಒಂದೇ. ಅದನ್ನು ಹೇಳಲು ನಾಚಿಕೆಯಾಗುತ್ತದೆ. ಹಾಗಾಗಿ ಬೇರೆ ಸಂಗತಿಗಳಿಂದ ಶುರು ಮಾಡುತ್ತೇನೆ. ಇದೂ ನನ್ನ ಹಳೆಯ ಚಾಳಿಯೇ.

ಭೌತಶಾಸ್ತ್ರದಲ್ಲಿ ಪದವಿ ಓದುವಾಗಿನಿಂದ ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಈ ಪುಟಗಳನ್ನು ಮೊದಲು ಬರೀ ನೆನಪಿನಿಂದ ಬರೆದೆ, ಆಮೇಲೆ ದಿನಚರಿ ತೆಗೆದು ಹೋಲಿಸಿದೆ. ಎರಡೂ ಹೊಂದದ ಕಡೆಯಲ್ಲೆಲ್ಲ ನೆನಪು ನನ್ನ ಪಕ್ಷ ವಹಿಸಿತ್ತು. ಅಂಥ ಜಾಗಗಳಲ್ಲಿ ಎರಡನ್ನೂ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಜಾಧವ ಅಣ್ಣಾ. ಮೊದಲು ಅವರಿಗೆ ಮದುವೆ ಫೋಟೋದ ಸ್ಟುಡಿಯೋ ಇತ್ತು. ಆಸ್ಪತ್ರೆಗೆ ಕ್ಯಾಮೆರಾ ಬಂದಾಗ ರೀಲು ತೊಳೆಯಲು ಬರುವವರು ಯಾರೂ ಇರಲಿಲ್ಲವೆಂದು ಅವರನ್ನು ಕರೆತಂದಿದ್ದರು. ಮದುಮಗಳ ಕೆನ್ನೆಯ ಮೊಡವೆಯನ್ನು ಕೂದಲಿನಷ್ಟು ಸಣ್ಣ ಕುಂಚದಿಂದ ಮುಚ್ಚುವುದರಲ್ಲಿ ಪಳಗಿದ ಕೈ. ಕಣ್ಣಿನ ಚಿತ್ರದ ಪ್ರಿಂಟಿನ ಮೇಲೆ ಧೂಳಿನಿಂದ ಬಿಳಿಚುಕ್ಕೆ ಬಿದ್ದರೂ ಅದೇ ಕುಂಚ ಹೊರಬರುತ್ತಿತ್ತು. ‘ಪಿಕ್ಚರ ಸ್ವಚ್ಛ ಪಾಯಿಜೆ’ ಎನ್ನುತ್ತಿದ್ದರು, ಚಿತ್ರ ಸ್ವಚ್ಛ ಇರಬೇಕು. ನಾನು ತೆಗೆದ ಮೊದಲ ಚಿತ್ರವನ್ನು ಬೆಳಕಿಗೆ ಹಿಡಿದು, ‘ಕಣ್ಣು ತೆಗೆದೀಯೋ, ಹಪ್ಪಳ ತೆಗೆದೀಯೋ?’ ಎಂದು ಕೇಳಿದ್ದರು. ಅವರು ಮರಾಠಿಯಲ್ಲಿ ಬೈಯುತ್ತಿದ್ದರು, ನಾನು ಕನ್ನಡದಲ್ಲಿ ನಾಚಿಕೊಳ್ಳುತ್ತಿದ್ದೆ.

ಆಗೆಲ್ಲ ಸಕ್ಕರೆ ಕಾಯಿಲೆಯವರ ಕಣ್ಣಿನ ರಕ್ತನಾಳ ಎಲ್ಲಿ ಸೋರುತ್ತಿದೆ ಎಂದು ನೋಡಲು ಕೈಯ ನರಕ್ಕೆ ಹಳದಿ ಬಣ್ಣದ ಔಷಧಿ ಚುಚ್ಚಿ, ಅದು ಕಣ್ಣಿಗೆ ಹರಿಯುವಾಗ ಸಾಲಾಗಿ ಚಿತ್ರ ತೆಗೆಯುತ್ತಿದ್ದೆವು. ಚುಚ್ಚಿದ ಮೇಲೆ ಒಂದು ದಿನದವರೆಗೆ ಮೈಬಣ್ಣ, ಮೂತ್ರ ಎಲ್ಲ ಹಳದಿಯಾಗಿರುತ್ತದೆ, ಹೆದರಬೇಡಿ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಮಲ್ಲಪ್ಪಣ್ಣನಿಗೆ ಅದನ್ನು ಹೇಳಲು ಮರೆತೆ. ಮನೆಯವರು ಅವನ ಬಣ್ಣ ನೋಡಿ ಕಾಮಾಲೆಯೆಂದು ನಾಟಿ ಔಷಧಿ ಕೊಡಿಸಿ, ಎಂಟು ದಿನ ಮಜ್ಜಿಗೆ ಅನ್ನದಲ್ಲೇ ಇಟ್ಟರು. ಮುಂದಿನ ಸಲ ಬಂದವನು ಬಾಗಿಲಿನಿಂದಲೇ ಕೂಗಿದ.

‘ಏ ಫೋಟೋ ಅಣ್ಣಾ! ಬೆಲ್ಲದ ಅಂಗಡ್ಯಾಗ ಕುಂತ ಬೆಲ್ಲದ ಬಣ್ಣಾನ ಆಗಿದ್ನೆಲ್ಲೋ ಮಾರಾಯಾ. ಗಿರಾಕಿ ನನ್ನ ತೂಗಿ ಒಯ್ಯಲಿಲ್ಲ, ಅದ ಪುಣ್ಯಾ!’

ಎಲ್ಲರೂ ನಕ್ಕರು. ನಾನು ಕ್ಷಮೆ ಕೇಳಿದೆ ಎಂದು ನನ್ನ ನೆನಪು. ದಿನಚರಿಯಲ್ಲಿ ಇರುವುದು ಒಂದೇ ಸಾಲು: ‘ರೋಗಿಗಳ ಅಜ್ಞಾನಕ್ಕೆ ಮಿತಿಯಿಲ್ಲ.’

ಇನ್ನು ರತ್ನವ್ವ. ಇದು ಅವಳ ನಿಜವಾದ ಹೆಸರಲ್ಲ. ಉಳಿದದ್ದನ್ನು ಬದಲಿಸಿಲ್ಲ.

ನಾಂದಣಿಯ ಜೈನ ಒಕ್ಕಲುಮನೆಯ ಮಗಳು, ಇಚಲಕರಂಜಿಗೆ ಕೊಟ್ಟಿದ್ದರು. ಅಲ್ಲಿ ಅವಳದ್ದು ವಹಿಫಣಿಯ ಕೆಲಸ. ಹಾಸಿನ ನೂಲು ಸುತ್ತಿದ ಹೊಸ ಬೀಮು ಮಗ್ಗಕ್ಕೆ ಏರುವ ಮೊದಲು ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ತಂತಿಯ ಸಣ್ಣ ಕಣ್ಣುಗಳಲ್ಲಿ ಪೋಣಿಸಿ, ಮುಂದೆ ಬಾಚಣಿಗೆಯಂಥ ಫಣಿಯ ಹಲ್ಲುಗಳ ನಡುವೆ ಎಳೆದು ತರಬೇಕು. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಎಳೆ ಆರಿಸಿ ಕೊಡುವುದು, ಇನ್ನೊಬ್ಬರು ಕೊಕ್ಕೆಯಿಂದ ಎಳೆದುಕೊಳ್ಳುವುದು. ರತ್ನವ್ವ ಎಳೆದುಕೊಳ್ಳುವವಳು, ದೃಷ್ಟಿ ಬೇಕಾದದ್ದು ಅವಳಿಗೇ. ನಮ್ಮಲ್ಲಿಗೆ ಬರುವ ಹೊತ್ತಿಗೆ ಒಳಗೆ ರಕ್ತ ಸೋರಿ ಎಡಗಣ್ಣು ಪೂರ್ತಿ ಹೋಗಿಬಿಟ್ಟಿತ್ತು. ಬಲಗಣ್ಣಿನ ಪರದೆಯ ನಡುಭಾಗದಲ್ಲಿ ನೀರು ಸೇರಿತ್ತು.

‘ಒಂದ ಕಣ್ಣ ಸಾಕ ನನಗ,’ ಎಂದಿದ್ದಳು ಮೊದಲ ದಿನ. ‘ಕೊಕ್ಕೀಗೂ ಒಂದ ಕಣ್ಣ, ನನಗೂ ಒಂದ. ಅದಷ್ಟ ಉಳಿಸಿ ಕೊಡ್ರಿ.’

ಅವಳು ನಮಗೆ ಒಂದು ಮೋಸ ಮಾಡುತ್ತಿದ್ದಳು. ರಕ್ತ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನದಿಂದಲೇ ಊಟ ಬಿಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆತನ. ಪರ್ವದ ದಿನಗಳಲ್ಲಿ ನೀರೂ ಕುಡಿಯದೆ ಇರಬಲ್ಲವಳು. ಹೀಗಾಗಿ ಸಕ್ಕರೆ ಪ್ರತಿಸಲ ಒಳ್ಳೆಯದೇ ಬರುತ್ತಿತ್ತು. ನಮ್ಮ ದೊಡ್ಡ ಡಾಕ್ಟರು ಒಮ್ಮೆ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿದಾಗ ಸಿಕ್ಕಿಬಿದ್ದಳು. ಇಚಲಕರಂಜಿಯ ನಮ್ಮ ಶಾಖೆಯಲ್ಲಿ, ಕೂತಿದ್ದವರೆಲ್ಲರ ಮುಂದೆ ಅವರು ಬೈದರು.

‘ರತ್ನವ್ವಾ, ನನಗ ಮೋಸಾ ಮಾಡಿದಿ ಅನಕೊಂಡಿ? ನಿನ್ನ ಕಣ್ಣ ನೀನ ತಿಂದಿ.’

‘ಪ್ಯಾಟ್ಯಾಗಿನ ಪೇಢೆ ಭಾಳ ಚಲೋ ಅದಾವ್ರಿ ಸಾಹೇಬರ,’ ಎಂದಳು ತಲೆ ತಗ್ಗಿಸಿ. ಆ ದಿನದಿಂದ ಉಪವಾಸದ ಆಟ ಬಿಟ್ಟಳು. ಪೇಢೆಯನ್ನೂ ಬಿಟ್ಟಳು.

ಅಷ್ಟು ಹೊತ್ತಿಗೆ ಚಿಕಿತ್ಸೆಯೂ ಬದಲಾಗಿತ್ತು. ಮೊದಲು ಲೇಸರಿನಿಂದ ಸುಡುವುದೊಂದೇ ದಾರಿ. ಈಗ ಸೋರಿಕೆ ತಡೆಯುವ ಇಂಜೆಕ್ಷನ್ನನ್ನು ತಿಂಗಳಿಗೊಮ್ಮೆ ಕಣ್ಣೊಳಗೇ ಕೊಡುತ್ತಿದ್ದರು. ನನ್ನ ಕೋಣೆಗೂ ಹೊಸ ಯಂತ್ರ ಬಂದಿತ್ತು. ರೊಟ್ಟಿಯನ್ನು ಮುರಿದು ಅಂಚು ನೋಡಿದ ಹಾಗೆ, ಕಣ್ಣಿನ ಪರದೆಯನ್ನು ಕತ್ತರಿಸದೆಯೇ ಬೆಳಕಿನಿಂದ ಅದರ ಪದರಗಳನ್ನು ತೋರಿಸುವ ಯಂತ್ರ. ನೀರು ಸೇರಿದ ಕಡೆ ಕಪ್ಪು ಗುಳ್ಳೆ ಕಾಣುತ್ತದೆ. ಯಂತ್ರ ಇದ್ದದ್ದು ಕೊಲ್ಹಾಪುರದಲ್ಲಿ ಮಾತ್ರ. ರೋಗಿ ಇಲ್ಲಿಗೆ ಬಂದು ಚಿತ್ರ ತೆಗೆಸಿಕೊಳ್ಳಬೇಕು. ಪರದೆಯನ್ನು ಅಡ್ಡ ಸೀಳಿದಂತೆ ಯಂತ್ರ ತೆಗೆದ ಹತ್ತಾರು ಚಿತ್ರಗಳಲ್ಲಿ, ನಮ್ಮ ಮಾತಿನಲ್ಲಿ ಸೀಳುಗಳಲ್ಲಿ, ಒಂದನ್ನು ನಾನು ಆರಿಸಿ ಹಾಳೆಯ ಮೇಲೆ ಅಚ್ಚು ಹಾಕಿ ಕೊಡಬೇಕು. ಗುರುವಾರ ದೊಡ್ಡ ಡಾಕ್ಟರು ಇಚಲಕರಂಜಿಗೆ ಹೋದಾಗ ಆ ಹಾಳೆ ನೋಡಿ ನಿರ್ಧರಿಸಬೇಕು. ಅಂದರೆ ಡಾಕ್ಟರು ನೋಡಿದ್ದು ರತ್ನವ್ವನ ಕಣ್ಣಿನ ಚಿತ್ರವನ್ನಲ್ಲ, ನಾನು ಕೊಟ್ಟ ಹಾಳೆಯನ್ನು.

ಅವಳ ಚಿತ್ರದ ತುಂಬ ಬಿಳಿಚುಕ್ಕೆಗಳಿದ್ದವು. ಪದರಗಳ ನಡುವೆ ರವೆ ಚೆಲ್ಲಿದ ಹಾಗೆ. ನಾನು ಮೊದಲು ಚುಕ್ಕೆ ಕಡಿಮೆ ಇರುವ ಸೀಳನ್ನು ಹುಡುಕಿದೆ. ಅದರಲ್ಲೂ ಉಳಿದವನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಒರೆಸಿದೆ. ಕುಂಚದ ಬದಲು ಮೌಸು, ಅಷ್ಟೇ ವ್ಯತ್ಯಾಸ. ಅಂಚುಗಳನ್ನು ನುಣುಪು ಮಾಡಿದೆ. ಕಪ್ಪು ಗುಳ್ಳೆ ಪಾಠದ ಪುಸ್ತಕದಲ್ಲಿ ಬರೆದಷ್ಟು ಚಂದ ಕಂಡಿತು. ಅವಳೊಬ್ಬಳಿಗೇ ಅಲ್ಲ, ಎಲ್ಲರಿಗೂ ಹೀಗೆಯೇ ಮಾಡುತ್ತಿದ್ದೆ.

ಜಾಧವ ಅಣ್ಣಾ ಪಕ್ಕದಲ್ಲಿ ನಿಂತು ‘ಅವು ತೆಗಿ’ ಎಂದು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರ ಬಾಯಿಯ ಅಡಿಕೆಯ ವಾಸನೆ ಕೂಡ. ಬಹಳ ವರ್ಷ ಈ ನೆನಪನ್ನೇ ಹಿಡಿದುಕೊಂಡಿದ್ದೆ. ದಿನಚರಿಯ ಪ್ರಕಾರ ಆ ಯಂತ್ರ ಬಂದದ್ದು ಅವರು ನಿವೃತ್ತರಾದ ಮರುವರ್ಷ. ಯಂತ್ರವನ್ನು ಅವರು ಕಂಡೇ ಇರಲಿಲ್ಲ. ಅಷ್ಟೇ ಅಲ್ಲ, ಹಳೆಯ ಪುಟವೊಂದರಲ್ಲಿ ಅವರ ಇನ್ನೊಂದು ಮಾತು ಸಿಕ್ಕಿತು. ಅದನ್ನು ನಾನು ಪೂರ್ತಿ ಮರೆತಿದ್ದೆ: ಕುಂಚ ಆಡಿಸುವುದು ಪ್ರಿಂಟಿನ ಮೇಲೆ ಮಾತ್ರ, ನೆಗೆಟಿವ್ ಮುಟ್ಟಬಾರದು, ಮುಟ್ಟಿದ ಪ್ರಿಂಟಿನ ಜೊತೆ ಮುಟ್ಟದ ಪ್ರಿಂಟನ್ನೂ ಡಾಕ್ಟರಿಗೆ ಕೊಡಬೇಕು. ತೀರಿಹೋದ ಗುರುವಿನ ಮೇಲೆ ಇಷ್ಟು ವರ್ಷ ನಾನು ಹೊರಿಸಿದ್ದು ಅವರು ಮಾಡಬೇಡ ಎಂದಿದ್ದನ್ನೇ.

ಒರೆಸುವಾಗ ನನ್ನ ಕೈ ಒಂದು ಕ್ಷಣ ತಡೆಯಿತು, ಅನುಮಾನ ಬಂತು ಎಂದೂ ನೆನಪಿದೆ. ಆ ವಾರದ ದಿನಚರಿ ಹೀಗಿದೆ: ‘ರತ್ನವ್ವನ ಚಿತ್ರ ಬಹಳ ಸ್ವಚ್ಛ ಬಂತು. ದೊಡ್ಡ ಡಾಕ್ಟರು ಎಲ್ಲರಿಗೂ ತೋರಿಸಿದರಂತೆ. ಸಂತೋಷ.’ ಅನುಮಾನದ ಸುಳಿವೂ ಇಲ್ಲ.

ಇಂಜೆಕ್ಷನ್‌ಗಳ ಮೇಲೆ ಇಂಜೆಕ್ಷನ್ ಆದವು. ನೀರು ಇಳಿಯಲಿಲ್ಲ. ಡಾಕ್ಟರು ಹಾಳೆ ನೋಡಿ, ‘ನೀರ ಬಿಟ್ಟರ ಬ್ಯಾರೆ ಏನೂ ಇಲ್ಲ. ಸಕ್ಕರಿ ಮೊದಲ ಕೆಟ್ಟಿತ್ತ, ಅದಕ್ಕ ಔಷಧಿ ಹತ್ತವಲ್ದು’ ಎಂದು ಅದನ್ನೇ ಮುಂದುವರಿಸಿದರು. ವರ್ಷ ಕಳೆಯುವುದರೊಳಗೆ ಪರದೆಯ ನಡುಭಾಗ ತೆಳ್ಳಗಾಗಿ ಸೊರಗಿತು. ರತ್ನವ್ವನಿಗೆ ಎದುರಿಗಿದ್ದವರ ಆಕಾರ ಕಾಣುತ್ತಿತ್ತು, ಎಳೆ ಕಾಣುತ್ತಿರಲಿಲ್ಲ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಡಾಕ್ಟರ್ ಸಾಯಲಿ ಸೇರಿದರು. ಗಡಹಿಂಗ್ಲಜದವರು, ನನ್ನ ಮಗಳ ವಯಸ್ಸು. ಹಾಳೆ ನೋಡಿ ತೃಪ್ತರಾಗುವವರಲ್ಲ. ಯಂತ್ರದ ಮುಂದೆಯೇ ಕೂತು ಎಲ್ಲ ಸೀಳುಗಳನ್ನೂ ತಿರುವಿ ನೋಡುತ್ತಿದ್ದರು. ಒಂದು ದಿನ ಬೇರೊಬ್ಬ ರೋಗಿಯ ಹಾಳೆ ಹಿಡಿದು ಬಂದರು.

‘ಕಾಕಾ, ಯಂತ್ರದಾಗ ಚುಕ್ಕಿ ಅದಾವು. ಹಾಳ್ಯಾಗ ಎಲ್ಲಿ ಹ್ವಾದು?’

‘ಧೂಳ ಇತ್ರಿ ಮ್ಯಾಡಮ್. ಸ್ವಚ್ಛ ಮಾಡೇನಿ.’

‘ಕಣ್ಣಿನ ಪರದೆ ಒಳಗ ಧೂಳ ಹ್ಯಾಂಗ ಹೊಕ್ಕೀತ ಕಾಕಾ?’

ಅವರು ನಕ್ಕರು. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದಿದ್ದರು. ಗಾಜಿನ ಮೇಲಿನ ಧೂಳು ಆ ಯಂತ್ರದಲ್ಲಿ ಪದರದ ಆಳದಲ್ಲಿ ಚುಕ್ಕೆಯಾಗಿ ಕಾಣಲು ಸಾಧ್ಯವಿಲ್ಲ. ಭೌತಶಾಸ್ತ್ರ ಓದಿದವನಿಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ಯೋಚಿಸಲಿಲ್ಲ.

ಸಾಯಲಿ ವಿವರಿಸಿದರು. ಕಣ್ಣಿನ ಪರದೆಯಲ್ಲಿ ಹುಟ್ಟಿನಿಂದಲೇ ಕಾವಲಿನ ಜೀವಕೋಶಗಳಿರುತ್ತವೆ. ಸುಮ್ಮನಿದ್ದ ದಿನಗಳಲ್ಲಿ ಅವು ಕೈಕಾಲು ಚಾಚಿಕೊಂಡು ಕಸ ಬಳಿಯುತ್ತವೆ. ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಕೆರಳುತ್ತವೆ, ಕೈಕಾಲು ಮಡಚಿ ಗುಂಡಗಾಗುತ್ತವೆ, ಒಳಪದರಗಳತ್ತ ಸರಿಯುತ್ತವೆ. ಅವು ಬಿಡುವ ರಸಕ್ಕೆ ರಕ್ತದಲ್ಲಿನ ಬಿಳಿಕಣಗಳು ಬಂದು ಸಣ್ಣ ನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಗೋಡೆ ಸಡಿಲಾಗುತ್ತದೆ, ನೀರು ಸೋರುತ್ತದೆ.

‘ಕಳ್ಳನ್ನ ಹಿಡೀತೇವಿ ಅಂತ ಹೋಗಿ ಮನಿ ಗ್ವಾಡಿ ಕೆಡವಿದಂಗ ಕಾಕಾ. ಈ ಚುಕ್ಕಿ ಅಂದ್ರ ಆ ಕಾವಲವ್ರು ಇರಬೌದು. ಎಲ್ಲಾವೂ ಅಲ್ಲ, ಕೆಲವ ಕೊಬ್ಬಿನ ಹರಳು ಇರತಾವು. ತಿಳದವ್ರ ಇನ್ನೂ ವಾದಾ ಮಾಡಾಕತ್ತಾರ. ಆದ್ರ ಇಷ್ಟ ಚುಕ್ಕಿ ಕಂಡ್ರ ನಾ ಸೋರಿಕಿ ಇಂಜೆಕ್ಷನ್ ಒಂದ ನಂಬಿ ಕೂಡಾಂಗಿಲ್ಲ. ಉರಿಯೂತ ಇಳಿಸೋ ಸ್ಟೆರಾಯ್ಡ್ ಕಣ್ಣಾಗ ಇಟ್ಟ ನೋಡತೇನಿ. ಕೆಲವರಿಗೆ ಭಾಳ ಚಲೋ ಹತ್ತತೈತಿ, ಎಲ್ಲಾರಿಗೂ ಅಲ್ಲ.’

ಅಂದು ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಹಳೆಯ ಡಿಸ್ಕಿನಿಂದ ರತ್ನವ್ವನ ಮೂಲ ಚಿತ್ರಗಳನ್ನು ತೆಗೆದೆ. ಎಣಿಸಲು ಶುರು ಮಾಡಿ ನಿಲ್ಲಿಸಿದೆ.

ಆಮೇಲೆ ಏನು ಮಾಡಿದೆ? ಒರೆಸುವುದನ್ನು ನಿಲ್ಲಿಸಿದೆ. ಹಾಳೆಗೆ ಮೂರು ಸೀಳು ಅಚ್ಚು ಹಾಕತೊಡಗಿದೆ. ಯಾರಿಗೂ ಏನೂ ಹೇಳಲಿಲ್ಲ. ಈ ವಯಸ್ಸಿನಲ್ಲೂ ಕಾಕಾ ಹೊಸದನ್ನು ಕಲಿತರು ಎಂದು ಸಾಯಲಿ ಸಿಬ್ಬಂದಿಯ ಸಭೆಯಲ್ಲಿ ಹೊಗಳಿದರು. ಚಪ್ಪಾಳೆಯೂ ಬಿತ್ತು. ನಾನು ಎದ್ದು ಕೈಮುಗಿದೆ.

ರತ್ನವ್ವ ತಪಾಸಣೆಗೆ ಬರುತ್ತಲೇ ಇದ್ದಳು, ಸೊಸೆಯ ಕೈ ಹಿಡಿದುಕೊಂಡು. ಸೊಸೆ ಶೋಭಾ ಕೆಟ್ಟವಳಲ್ಲ, ದಣಿದವಳು. ‘ಅತ್ತಿ ಪೇಢೆ ತಿಂದ ಕಣ್ಣ ಕಳಕೊಂಡ್ರು, ತಿರಗೂದ ನನ್ನ ಪಾಲಿಗೆ ಬಂತು’ ಎಂದು ನನ್ನ ಮುಂದೆಯೇ ಹೇಳುತ್ತಿದ್ದಳು. ರತ್ನವ್ವ ಅದಕ್ಕೆ ಒಂದೇ ಉತ್ತರ ಇಟ್ಟುಕೊಂಡಿದ್ದಳು.

‘ಹೌದವಾ. ನನ್ನ ಕಣ್ಣ ನಾನ ತಿಂದೆ. ಭಾಳ ಸೀ ಇತ್ತ.’

ಪ್ರತಿಸಲ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ‘ಗದ್ದಾ ಇಡ್ರಿ ಅಕ್ಕಾರ’ ಎನ್ನುತ್ತಿದ್ದೆ.

ನಿವೃತ್ತಿಯಾಗಿ ನಾಲ್ಕು ತಿಂಗಳಾದ ಮೇಲೆ ಇಚಲಕರಂಜಿಗೆ ಹೋದೆ. ಕೆಲಸದಲ್ಲಿ ಇರುವಾಗ ಏಕೆ ಹೋಗಲಿಲ್ಲ ಎಂಬುದಕ್ಕೆ ದಿನಚರಿಯಲ್ಲೂ ಉತ್ತರವಿಲ್ಲ, ಆದರೆ ನನಗೆ ಗೊತ್ತಿದೆ: ಪಿಂಚಣಿಯ ಭಯವೂ ಅಲ್ಲ, ಸಭೆಯಲ್ಲಿ ಬಿದ್ದ ಆ ಚಪ್ಪಾಳೆ ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಬಸ್ಸಿಳಿದು ಓಣಿ ಹೊಕ್ಕರೆ ಎರಡೂ ಕಡೆ ಮಗ್ಗಗಳ ಖಡಖಡ. ಮಾತಾಡಬೇಕೆಂದರೆ ಕೂಗಬೇಕು. ಅವಳ ಮನೆ ಕೊನೆಯಲ್ಲಿ, ಸ್ವಲ್ಪ ಸದ್ದು ಕಡಿಮೆ. ಪಡಸಾಲೆಯಲ್ಲಿ ಬೀಮು ನಿಲ್ಲಿಸಿ ಅತ್ತೆ ಸೊಸೆ ಎದುರುಬದುರು ಕೂತಿದ್ದರು. ಜಾಗ ಬದಲಾಗಿತ್ತು. ಈಗ ಎಳೆದುಕೊಳ್ಳುವವಳು ಶೋಭಾ; ರತ್ನವ್ವ ಬೆರಳಿನಿಂದಲೇ ಮುಂದಿನ ಎಳೆಯನ್ನು ಗುರುತಿಸಿ ಕೊಡುತ್ತಿದ್ದಳು.

‘ಯಾರ? ಫೋಟೋ ಅಣ್ಣಾರ ಏನ?’ ದನಿಯಿಂದ ಗುರುತಿಸಿದಳು. ‘ಕಣ್ಣ ಇದ್ದಾಗ ಒಮ್ಮೆನೂ ಬರಲಿಲ್ಲ. ಶೋಭಾ, ಚಹಾ ಇಡವಾ.’

ಶೋಭಾ ಒಳಗೆ ಹೋದಳು. ನಾನು ಕೂತು ಹೇಳಿದೆ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳು ಮರೆತುಹೋದದ್ದರಿಂದ ನೇರವಾಗಿಯೇ ಬಂತು. ನಿಮ್ಮ ಚಿತ್ರದಲ್ಲಿ ಚುಕ್ಕೆ ಇದ್ದವು, ನಾನು ಒರೆಸಿದೆ, ಡಾಕ್ಟರಿಗೆ ಕಾಣಲಿಲ್ಲ, ಕಂಡಿದ್ದರೆ ಬೇರೆ ಔಷಧಿ ಹಾಕಿ ನೋಡುತ್ತಿದ್ದರೇನೋ. ಅವಳ ಬೆರಳು ಎಳೆಯ ಮೇಲೆ ನಿಂತಿತು.

‘ಇದ ನಿಮಗ ಯಾವಾಗ ತಿಳೀತ?’

‘ಮೂರ ವರ್ಷಾತ್ರಿ.’

‘ಆ ಮೂರ ವರ್ಷದಾಗ ನಾ ಎಷ್ಟ ಸಲ ಬಂದೀನಿ?’

‘ಹನ್ನೊಂದ ಸಲ.’ ಬರುವ ಮೊದಲು ಎಣಿಸಿಕೊಂಡಿದ್ದೆ.

‘ಹನ್ನೊಂದ ಸಲಾನೂ ನಕ್ಕೀರಿ.’

ನಾನು ಗಡಿಬಿಡಿಯಲ್ಲಿ, ಬೇರೆ ಔಷಧಿಯಿಂದ ಗುಣವಾಗುತ್ತಿತ್ತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ, ಸಕ್ಕರೆಯೂ ಕೆಟ್ಟಿತ್ತಲ್ಲ ಎಂದೆ. ಎರಡೂ ನಿಜ. ನಿಜವನ್ನೂ ಎಂಥ ಹೊತ್ತಿನಲ್ಲಿ ಬಳಸಿಕೊಂಡೆ.

‘ಸಕ್ಕರಿ ನಂದ,’ ಎಂದಳು ರತ್ನವ್ವ. ‘ಅದನ್ನ ಮಂದೀ ಮುಂದ ಒಪ್ಪಕೊಂಡೇನಿ. ದಿನಾ ಒಪ್ಪಕೋತೇನಿ. ಚುಕ್ಕಿ ಒರಸಿದ್ದ ಯಾರದ?’

‘ನಂದ್ರಿ.’

‘ಹಂಗಾರ ಅದನ್ನೂ ಮಂದೀ ಮುಂದ ಹೇಳ್ರಿ. ಶೋಭಾ! ಇಲ್ಲಿ ಬಾ.’

ಶೋಭಾ ಚಹಾದ ಕಪ್ಪು ಹಿಡಿದು ಬಂದು ನಿಂತಳು. ನಾನು ಎರಡನೆಯ ಸಲ ಹೇಳತೊಡಗಿದೆ. ಯಂತ್ರ ಹೊಸದಿತ್ತು, ಅದರಲ್ಲಿ ಕೆಲವು ಚುಕ್ಕೆಗಳು ಬರುತ್ತಿದ್ದವು, ಆ ಕಾಲಕ್ಕೆ ಅವು ಏನೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಳೆ ತಯಾರಾಗುವಾಗ ಅವು ಅಳಿಸಿಹೋಗುತ್ತಿದ್ದವು.

‘ಹಂಗಲ್ಲರಿ,’ ಎಂದಳು ರತ್ನವ್ವ. ದನಿ ಏರಿಸಲಿಲ್ಲ. ‘ಅಳಿಸಿ ಹೋಗತಿದ್ದು ಅಂತ ನನಗ ಹೇಳಿರಲಿಲ್ಲ ನೀವ. ಎಳಿ ತಪ್ಪೈತಿ. ಬಿಚ್ಚಿ ಮೊದಲಿಂದ ಹಚ್ಚರಿ.’

ಕಾಲು ಗಂಟೆಯೂ ಆಗಿರಲಿಲ್ಲ. ಅಷ್ಟರಲ್ಲೇ ನಾನು ಇದನ್ನೂ ಒರೆಸಲು ಶುರು ಮಾಡಿದ್ದೆ.

‘ನಾ ಅಳಿಸಿದೆ,’ ಎಂದೆ ಶೋಭಾಳಿಗೆ. ‘ಯಾರೂ ಅಳಸ ಅಂದಿರಲಿಲ್ಲ. ಯಾರನ್ನೂ ಕೇಳಲಿಲ್ಲ. ಚಂದ ಕಾಣಲಿ ಅಂತ ಅಳಿಸಿದೆ. ತಪ್ಪ ತಿಳದ ಮ್ಯಾಲ ಮೂರ ವರ್ಷ ಸುಮ್ಮನ ಕುಂತೆ.’

ಶೋಭಾ ನನ್ನನ್ನು ನೋಡಿದಳು, ಆಮೇಲೆ ಅತ್ತೆಯನ್ನು. ಕಪ್ಪನ್ನು ಕೆಳಗಿಟ್ಟು ಬೀಮಿನ ಆಚೆ ತನ್ನ ಜಾಗಕ್ಕೆ ಹೋಗಿ ಕೂತಳು. ಕೊಕ್ಕೆ ಕೈಗೆತ್ತಿಕೊಂಡಳು, ಆದರೆ ಎಳೆ ಕೇಳಲಿಲ್ಲ. ರತ್ನವ್ವ ತಾನಾಗಿಯೇ ಒಂದನ್ನು ಆರಿಸಿ ಕೊಟ್ಟಳು.

‘ಚಹಾ ಕುಡೀರಿ,’ ಎಂದಳು ನನ್ನ ಕಡೆ ತಿರುಗದೆ. ಕುಡಿದೆ. ಎದ್ದು ನಿಂತಾಗ ಕೇಳಿದಳು: ‘ನನ್ನಂಥಾವ್ರು ಇನ್ನ ಎಷ್ಟ ಮಂದಿ ಅದಾರ?’

‘ಗೊತ್ತಿಲ್ಲರಿ.’

‘ಗೊತ್ತ ಮಾಡಕೊಳ್ರಿ.’

ಮರುದಿನ ಸಾಯಲಿಯವರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೊನೆಯಲ್ಲಿ, ‘ಹಳೇ ಡಿಸ್ಕ್ ನಾ ತೆಗಸತೇನಿ. ಯಾರ್ ಯಾರ ಹಾಳಿ ಒರಸೀರಿ ಅಂತ ಒಂದ ಯಾದಿ ಬರದ ಕೊಡ್ರಿ ಸರ್. ಇನ್ನೂ ಉಳಸಾಕ ಬರೂವಂಥಾ ಕಣ್ಣ ಇದ್ರ ನೋಡೋಣು’ ಎಂದರು. ಕಾಕಾ ಎನ್ನಲಿಲ್ಲ.

ಆ ಯಾದಿ ಮಾಡುತ್ತಿರುವಾಗಲೇ ಇದನ್ನೂ ಬರೆದಿದ್ದೇನೆ. ನೆನಪನ್ನು ಕೇಳಿದರೆ ಐದಾರು ಹೆಸರು ಹೇಳುತ್ತದೆ. ದಿನಚರಿಯಲ್ಲಿ ‘ಸ್ವಚ್ಛ ಬಂತು’ ಎಂದು ಹೆಮ್ಮೆಯಿಂದ ಬರೆದುಕೊಂಡ ಪುಟಗಳಿಗೆಲ್ಲ ಗುರುತಿಗೆ ಕಾಗದದ ಚೂರು ಇಡುತ್ತ ಬಂದೆ. ನಿನ್ನೆ ಸಂಜೆಗೆ, ಯಂತ್ರ ಬಂದ ಮೇಲಿನ ಎರಡನೆಯ ವರ್ಷದ ಪುಸ್ತಕ ಮುಗಿಯಿತು. ಇನ್ನೂ ಒಂಬತ್ತು ಪುಸ್ತಕಗಳಿವೆ. ಮುಚ್ಚಿಟ್ಟರೆ ಅಂಚಿನಲ್ಲಿ ಬಿಳಿಯ ಚೂರುಗಳು ಒತ್ತೊತ್ತಾಗಿ ಕಾಣುತ್ತವೆ. ಅವನ್ನು ಒಂದೊಂದಾಗಿ ಎಣಿಸುತ್ತಿದ್ದೇನೆ, ಈ ಸಲ ನಿಲ್ಲಿಸದೆ.